ಎಲೆಯಚ್ಚಿನ ಸ್ಟೋನ್‌ವೇರ್ ಕುಂಡ: ಕೊಳ್ಳುವ ಮುಂಚೆ ತಳ ನೋಡಿ

ತೋಟದ ಎಲೆಯನ್ನೇ ಹಸಿ ಜೇಡಿಮಣ್ಣಿಗೆ ಒತ್ತಿ ಮಾಡಿದ ಸ್ಟೋನ್‌ವೇರ್ (ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಕುಂಡಗಳು ಸೆರಾಮಿಕ್ ಕಲಾವಿದರ ಸ್ಟುಡಿಯೋಗಳಲ್ಲಿ ಸಿಗುತ್ತವೆ. ಬೆಲೆ ಕೆಂಪು ಮಣ್ಣಿನ ಕುಂಡದ ಹಲವು ಪಟ್ಟು. ಆ ದುಡ್ಡಿಗೆ ತಕ್ಕ ಶ್ರಮ ಅದರಲ್ಲಿದೆ. ಆದರೆ ಎಲ್ಲ ಗಿಡಕ್ಕೂ ಅದು ಹೊಂದುವುದಿಲ್ಲ.

ಮೊದಲು ಅಚ್ಚು. ಎಲೆಯ ಬೆನ್ನಲ್ಲಿ ನರ ಉಬ್ಬಿರುತ್ತದೆ, ಆ ಮಗ್ಗುಲನ್ನೇ ಮಣ್ಣಿಗೆ ತಾಗಿಸಿ ಲಟ್ಟಣಿಗೆ ಓಡಿಸಬೇಕು. ಸೀಬೆ ಎಲೆಯ ಅಚ್ಚು ಬಲು ಚೆಂದ ಮೂಡುತ್ತದೆ. ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಮೇಲ್ಲೇಪ, ದಪ್ಪವಾದರೆ ನರಗಳು ಮುಚ್ಚಿಹೋಗುತ್ತವೆ. ತೆಳುವಾಗಿದ್ದರೆ ಗೆರೆಗಳಲ್ಲಿ ಮಾತ್ರ ಮಡುಗಟ್ಟಿ ಬಣ್ಣ ಗಾಢವಾಗುತ್ತದೆ, ಪಳಗಿದ ಕೈಯ ಗುರುತು ಅದು. ಹಾಳೆಯಂತೆ ಲಟ್ಟಿಸಿ ಸುತ್ತಿದ ಕುಂಡವಾದರೆ ಒಳಗಿನ ಕೂಡುಗೆರೆಯನ್ನು ಬೆರಳಿಂದ ಸವರಿ ನೋಡಿ. ಅಂಚುಗಳನ್ನು ಗೀರಿ, ಮಣ್ಣಿನ ನೀರು ಹಚ್ಚಿ ಕೂಡಿಸದಿದ್ದರೆ ಒಣಗುವಾಗಲೋ ಸುಡುವಾಗಲೋ ಬಿರುಕು ಬಿಡುವುದು ಅಲ್ಲೇ.

ಇನ್ನು ತಳ. ಒಣಗಿ ಸುಟ್ಟು ಬರುವಷ್ಟರಲ್ಲಿ ಮಣ್ಣು ಶೇ 10–12ರಷ್ಟು ಕುಗ್ಗುತ್ತದೆ, ಹಸಿಯಲ್ಲಿ ಕೊರೆದ ತೂತೂ ಅದರ ಜೊತೆ ಕಿರಿದಾಗುತ್ತದೆ. ಮೇಲೆ ಗ್ಲೇಜ್ ಇಳಿದರೆ ಇನ್ನಷ್ಟು. ಕಿರುಬೆರಳು ಸಲೀಸಾಗಿ ಹೋಗುವಷ್ಟು ತೂತಿರಲಿ, ನೆಲಕ್ಕೆ ಅಂಟದಂತೆ ಮೂರು ಪುಟ್ಟ ಕಾಲುಗಳಿರಲಿ. ಸುಟ್ಟ ಮೇಲೆ ಕೊರೆಯಲು ಡೈಮಂಡ್ ಬಿಟ್ ಬೇಕು, ಆಗಲೂ ಕುಂಡ ಸೀಳುವ ಭಯವಿದ್ದೇ ಇದೆ. ತೂತಿಲ್ಲದ್ದನ್ನು ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆ ಎಂಬ ಮಾತು ನಂಬಬೇಡಿ: ನೀರು ಜಲ್ಲಿಯ ಮೇಲಿನ ಮಣ್ಣಲ್ಲೇ ನಿಂತು ಬೇರು ಕೊಳೆಯುತ್ತದೆ. ತೂತಿನ ಮೇಲೊಂದು ಬಲೆ ತುಂಡು ಸಾಕು.

ಸ್ಟೋನ್‌ವೇರ್ 1200 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದದ್ದು, ಅದರ ಗೋಡೆ ನೀರು ಕುಡಿಯುವುದು ತೀರಾ ಕಡಿಮೆ. ಕೆಂಪು ಮಣ್ಣಿನ ಕುಂಡ ಉಸಿರಾಡುತ್ತದೆ, ಬೇಗ ಒಣಗುತ್ತದೆ. ಹಾಗಾಗಿ ಸದಾ ತೇವ ಬೇಡುವ ಒಂದೆಲಗಕ್ಕೆ, ಜರಿಗಿಡಕ್ಕೆ ಸ್ಟೋನ್‌ವೇರ್ ಹೇಳಿ ಮಾಡಿಸಿದ್ದು. ತಂಬುಳಿಗೆ ದಿನಾ ನಾಲ್ಕೆಲೆ ಕೀಳುವ ಮನೆಯಲ್ಲಿ ಒಂದೆಲಗದ ಕುಂಡ ಅಡುಗೆಮನೆ ಕಿಟಕಿಯಲ್ಲೇ ಇರಲಿ. ಲೋಳೆಸರ, ದೊಡ್ಡಪತ್ರೆಗೆ ಮಾತ್ರ ಕೆಂಪು ಕುಂಡವೇ ಮೇಲು. ಅವನ್ನು ಸ್ಟೋನ್‌ವೇರಿನಲ್ಲೇ ನೆಡಬೇಕೆಂದರೆ ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಬೆರೆಸಿ, ಎರಡು ಗೆಣ್ಣಿನಾಳಕ್ಕೆ ಬೆರಳಿಟ್ಟು ನೋಡಿ ಒಣಗಿದ್ದರಷ್ಟೇ ನೀರು ಹಾಕಿ.

ಬೋರ್‌ವೆಲ್ ನೀರಾದರೆ ಇನ್ನೊಂದು ಎಚ್ಚರ. ಕೆಂಪು ಕುಂಡದಲ್ಲಿ ಉಪ್ಪು ಹೊರಮೈಗೆ ಬಂದು ಬೆಳ್ಳಗೆ ಕಾಣುತ್ತದೆ. ಸ್ಟೋನ್‌ವೇರಿನಲ್ಲಿ ಅದು ಕಣ್ಣಿಗೆ ಬೀಳದೆ ಮಣ್ಣಲ್ಲೇ ಕೂರುತ್ತದೆ, ಎಲೆಯ ತುದಿ ಕಂದಾದಾಗಲೇ ಗೊತ್ತಾಗುವುದು. ತಿಂಗಳಿಗೊಮ್ಮೆ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಮಳೆನೀರು ಸುರಿಯಿರಿ. ಅಡಿತಟ್ಟೆಯಲ್ಲಿ ನಿಂತದ್ದನ್ನು ಆಗಲೇ ಚೆಲ್ಲಿಬಿಡಿ.