ಹದಿಹರೆಯದ ಬಗ್ಗೆ ಒಂದು ಆನ್‌ಲೈನ್ ಕೋರ್ಸ್: ದೇಹದ ಪಾಠ ಗಟ್ಟಿ, ಗುರುತಿನ ಪಾಠ ಅರೆಬೆಂದದ್ದು

ಹದಿನಾಲ್ಕರ ಮಗ ಮತ್ತು ಹನ್ನೊಂದರ ಮಗಳು ಇರುವ ಮನೆಯಲ್ಲಿ ಯಾವ ಪ್ರಶ್ನೆ ಯಾವಾಗ ಎದ್ದೀತೆಂದು ಹೇಳಲಾಗದು. ಹಾಗೆ ಎದ್ದ ಕೆಲವು ಪ್ರಶ್ನೆಗಳಿಗೆ ನನ್ನ ಉತ್ತರಗಳು ಸಾಲದೆ ಬಂದಾಗ, ಹದಿಹರೆಯದ ಬೆಳವಣಿಗೆಯನ್ನು ಮಕ್ಕಳಿಗೂ ಪೋಷಕರಿಗೂ ತಿಳಿಸಿಕೊಡುವ ಹನ್ನೆರಡು ವಾರಗಳ ಆನ್‌ಲೈನ್ ಕೋರ್ಸೊಂದಕ್ಕೆ ಮೂವರೂ ಸೇರಿಕೊಂಡೆವು. ಮೊದಲೇ ಚಿತ್ರಿಸಿಟ್ಟ ವೀಡಿಯೊ ಪಾಠಗಳು, ಕನ್ನಡದಲ್ಲೇ ಇರುವ ಒಂದು ಕಾರ್ಯಪುಸ್ತಕ, ವಾರಕ್ಕೊಮ್ಮೆ ಪ್ರಶ್ನೋತ್ತರ, ಜೊತೆಗೆ ಮೊಬೈಲ್ ಆ್ಯಪ್, ಇಷ್ಟು ಅದರ ಸ್ವರೂಪ. ಪಾಠಗಳು ದೇಹ, ಭಾವನೆ, ಸ್ವಂತ ಗುರುತು ಎಂಬ ಮೂರು ಭಾಗಗಳಲ್ಲಿ ಸಾಗುತ್ತವೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಕೋರ್ಸ್ ಆರಿಸಿಕೊಳ್ಳುವವರಿಗೆ ಹೆಸರಿಗಿಂತ ಒಳಗೆ ಏನಿರಬೇಕು, ಏನಿರಬಾರದು ಎಂಬುದೇ ಹೆಚ್ಚು ಉಪಯೋಗಕ್ಕೆ ಬಂದೀತು.

ದೇಹದ ಭಾಗ ನಿಜಕ್ಕೂ ಚೆನ್ನಾಗಿದೆ. ಮೊಡವೆ, ಮೀಸೆ, ಮುಟ್ಟು ಎಂದು ಹೊರಗೆ ಕಾಣುವುದರಿಂದ ಶುರುಮಾಡದೆ, ಮಿದುಳಿನ ಹೈಪೋಥಲಾಮಸ್ ಎಂಬ ಪುಟ್ಟ ಭಾಗದಿಂದ ಪಾಠ ಆರಂಭವಾಗುತ್ತದೆ. ವರ್ಷಗಟ್ಟಲೆ ಬಹುಮಟ್ಟಿಗೆ ಸುಮ್ಮನಿದ್ದ ಆ ಭಾಗ ಮೊದಮೊದಲು ರಾತ್ರಿ ನಿದ್ದೆಯ ಹೊತ್ತಿನಲ್ಲಿ ಹಾರ್ಮೋನೊಂದನ್ನು ಅಲೆಅಲೆಯಾಗಿ ಬಿಡತೊಡಗುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು, ಅದು ಕಳಿಸುವ ಹಾರ್ಮೋನುಗಳಿಂದ ಅಂಡಾಶಯ ಇಲ್ಲವೇ ವೃಷಣಗಳು ಕೆಲಸಕ್ಕೆ ತೊಡಗುತ್ತವೆ. ಅಂದರೆ ಕನ್ನಡಿಯಲ್ಲಿ ಮೊದಲ ಬದಲಾವಣೆ ಕಾಣುವ ಎಷ್ಟೋ ಮೊದಲೇ ಒಳಗೆ ಕೆಲಸ ಶುರುವಾಗಿರುತ್ತದೆ. ಈ ಬದಲಾವಣೆ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13ರೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಆರಂಭವಾಗುತ್ತದೆ ಎಂದು ಹೇಳಿದ ಮೇಲೆ, ಸಂಶೋಧಕರಾದ ಮಾರ್ಷಲ್ ಮತ್ತು ಟ್ಯಾನರ್ 1969 ಮತ್ತು 1970ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ಬಳಕೆಗೆ ಬಂದ, ದೇಹದ ಬೆಳವಣಿಗೆಯ ಐದು ಹಂತಗಳನ್ನು ಸರಳ ರೇಖಾಚಿತ್ರಗಳಲ್ಲಿ ತೋರಿಸುತ್ತಾರೆ. ಒಂದೇ ಬೆಂಚಿನಲ್ಲಿ ಕೂತ ಹದಿಮೂರರ ಇಬ್ಬರಲ್ಲಿ ಒಬ್ಬರು ಎರಡನೆಯ ಹಂತದಲ್ಲಿ, ಇನ್ನೊಬ್ಬರು ನಾಲ್ಕನೆಯದರಲ್ಲಿ ಇರಬಹುದು, ಇಬ್ಬರೂ ಸರಿಯಾಗಿಯೇ ಬೆಳೆಯುತ್ತಿದ್ದಾರೆ ಎಂಬ ಮಾತನ್ನು ಚಿತ್ರದ ಸಮೇತ ನೋಡಿದಾಗ ಮಕ್ಕಳ ಮುಖದಲ್ಲಿ ಮೂಡುವ ನಿರಾಳವೇ ಬೇರೆ. ಹುಡುಗರ ಪಾಠವನ್ನು ಹುಡುಗಿಯರಿಗೂ ಹುಡುಗಿಯರದ್ದನ್ನು ಹುಡುಗರಿಗೂ ತೋರಿಸಿದ್ದು ಇನ್ನೊಂದು ಒಳ್ಳೆಯ ನಿರ್ಧಾರ.

ಎತ್ತರದ ಪಾಠದಿಂದ ನಾನೇ ಹೊಸದಾಗಿ ಕಲಿತದ್ದಿದೆ. ಹುಡುಗಿಯರು ಹೆಚ್ಚುಕಡಿಮೆ 12ರ ಸುಮಾರಿಗೆ, ಹುಡುಗರು 14ರ ಸುಮಾರಿಗೆ ಅತಿ ವೇಗವಾಗಿ ಉದ್ದವಾಗುತ್ತಾರೆ. ಆ ಬೆಳವಣಿಗೆಯಲ್ಲೂ ಪಾದ ಮತ್ತು ಕೈಗಳು ಮುಂದೆ, ಮುಂಡ ಹಿಂದೆ. ಒಂದೇ ವರ್ಷದಲ್ಲಿ ಎರಡು ಜೊತೆ ಶೂ ಚಿಕ್ಕದಾದರೂ ಅಂಗಿಗಳು ಮಾತ್ರ ಹಾಗೆಯೇ ಹಿಡಿಸುತ್ತಿದ್ದ ಮಗನ ವಿಚಿತ್ರ ಆಗ ಅರ್ಥವಾಯಿತು. ನೀರಿನ ಲೋಟಕ್ಕೆ ದಿನವೂ ಮೊಣಕೈ ತಾಗಿಸುವುದು ಬೇಜವಾಬ್ದಾರಿಯಲ್ಲ, ಎರಡು ತಿಂಗಳ ಹಿಂದಿನ ಮೊಣಕೈ ಅಲ್ಲಿರಲಿಲ್ಲ ಅಷ್ಟೆ. ಮೊದಲ ಮುಟ್ಟು ಸಾಮಾನ್ಯವಾಗಿ ಅತಿ ವೇಗದ ಬೆಳವಣಿಗೆ ದಾಟಿದ ಮೇಲೆ ಬರುತ್ತದೆ, ಮೊದಲ ಒಂದೆರಡು ವರ್ಷ ಅದು 21ರಿಂದ 45 ದಿನಗಳ ಅಂತರದಲ್ಲಿ ಹಿಂದೆಮುಂದೆ ಆಗುವುದು ಸಹಜ ಎಂದು ಹೇಳಿದ್ದಷ್ಟೇ ಅಲ್ಲದೆ, ವೈದ್ಯರನ್ನು ಕಾಣಬೇಕಾದ ಸಂದರ್ಭಗಳನ್ನೂ ತಿಳಿಸುತ್ತಾರೆ: 15 ತುಂಬಿದರೂ ಮುಟ್ಟು ಆರಂಭವಾಗದಿದ್ದರೆ, ಎರಡು ಮುಟ್ಟುಗಳ ನಡುವೆ 90 ದಿನ ದಾಟಿದರೆ, ಹುಡುಗನಿಗೆ 14 ಆದರೂ ಬದಲಾವಣೆಯ ಲಕ್ಷಣವೇ ಇಲ್ಲದಿದ್ದರೆ. ಹೆದರಿಸದೆ, ಮುಚ್ಚಿಡದೆ ಹೇಳುವ ಈ ಧಾಟಿ ಕೋರ್ಸಿನುದ್ದಕ್ಕೂ ಇದ್ದಿದ್ದರೆ ನನ್ನ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು.

ಒಂದು ಸಂಜೆಯ ಸಂಗತಿ ಹೇಳಬೇಕು. ಮಡಿಸಿದ ಬಟ್ಟೆಗಳನ್ನು ಇಡಲು ಮಗನ ಕೋಣೆಗೆ ಹೋದಾಗ ಅವನು ನಾಲ್ಕನೆಯ ವಾರದ ಒಂದು ಚಿಕ್ಕ ಪಾಠವನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತಿದ್ದ. ಹುಡುಗರಲ್ಲಿ ಮೊಲೆತೊಟ್ಟಿನ ಕೆಳಗೆ ಗಂಟಿನಂತೆ ಊದಿಕೊಂಡು ಮುಟ್ಟಿದರೆ ನೋಯುವುದರ ಬಗ್ಗೆ ಆ ಪಾಠ. ಹಾರ್ಮೋನುಗಳ ಪ್ರಮಾಣ ಏರುಪೇರಾಗುವ ಆ ಕಾಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಡುಗರಿಗೆ ಇದು ಆಗುತ್ತದೆ, ಬಹುತೇಕರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂದು ಪಾಠ ಹೇಳುವವರು ನೆಗಡಿಯ ಬಗ್ಗೆ ಮಾತನಾಡುವಷ್ಟು ಸಹಜವಾಗಿ ಹೇಳುತ್ತಿದ್ದರು. ತಿಂಗಳುಗಳಿಂದ ಅವನು ಸೆಕೆಯಲ್ಲೂ ದೊಗಳೆ ಅಂಗಿ ತೊಟ್ಟು ಭುಜ ಮುಂದಕ್ಕೆ ಬಾಗಿಸಿಕೊಂಡು ನಡೆಯುತ್ತಿದ್ದುದನ್ನು ಕಂಡು, ನೆಟ್ಟಗೆ ನಿಲ್ಲು ಎಂದು ನಾನು ಎಷ್ಟು ಸಲ ಗದರಿದ್ದೆನೋ. ಅವನು ಪರದೆಯಿಂದ ಕಣ್ಣು ತೆಗೆಯದೆ, "ಅಮ್ಮಾ, ಇದು ಹೋಗುತ್ತಂತೆ" ಎಂದ. ಬಟ್ಟೆ ಇಟ್ಟು ಹೊರಗೆ ಬಂದೆ. ಶುಲ್ಕ ಅಂದೇ ವಸೂಲಾಯಿತು.

ಧ್ವನಿ ಒಡೆಯುವುದು, ಚರ್ಮ, ಬೆವರು ಇವೆಲ್ಲ ಬೇಗ ಮುಗಿಯುತ್ತವೆ, ಅಷ್ಟು ಸಾಕು. ಕಾರ್ಯಪುಸ್ತಕದ ಒಳಾಂಗಗಳ ಚಿತ್ರ ಮಾತ್ರ ಅಂಚೆಚೀಟಿಯಷ್ಟಿದ್ದು ಹೆಸರುಗಳನ್ನು ಓದಲು ಭೂತಗನ್ನಡಿ ಬೇಕು. ನಿದ್ದೆಯ ಪಾಠವನ್ನು ಪೋಷಕರು ತಪ್ಪಿಸಬಾರದು. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಆದರೆ ಬೇಕಾದ ನಿದ್ದೆ ಮಾತ್ರ 8ರಿಂದ 10 ಗಂಟೆಗಳಷ್ಟು ಉಳಿದೇ ಇರುತ್ತದೆ. ಈ ಕಾರಣಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಈ ವಯಸ್ಸಿನ ಮಕ್ಕಳ ಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು ಶಿಫಾರಸು ಮಾಡಿತು. ಸೋಮಾರಿ ಎಂಬ ಪದವನ್ನು ನಾನು ಅಂದಿನಿಂದ ಬಳಸಿಲ್ಲ ಎಂದರೆ ಸುಳ್ಳಾದೀತು, ಕಡಿಮೆ ಮಾಡಿದ್ದೇನೆ.

ಭಾವನೆಗಳ ಭಾಗಕ್ಕೆ ಬಂದಾಗ ಪಾಠದ ಹಿಡಿತ ಸಡಿಲವಾಗುತ್ತದೆ. ಹದಿಹರೆಯದ ಮಿದುಳನ್ನು ಆಕ್ಸಿಲರೇಟರ್ ಇದ್ದು ಬ್ರೇಕ್ ಇಲ್ಲದ ಕಾರಿನಂತೆ ತೋರಿಸುವ ವೀಡಿಯೊ ನೋಡಿ ಮಗ ನಕ್ಕುಬಿಟ್ಟ. ಅವನ ನಗೆಯಲ್ಲಿ ನ್ಯಾಯವಿತ್ತು. ಮುಂದಾಲೋಚನೆಗೂ ಮನಸ್ಸಿನ ಹಿಡಿತಕ್ಕೂ ಬೇಕಾದ ಮಿದುಳಿನ ಮುಂಭಾಗ ಇಪ್ಪತ್ತರ ನಡುವಿನ ವರ್ಷಗಳವರೆಗೂ ಪಕ್ವವಾಗುತ್ತಲೇ ಇರುತ್ತದೆ ಎಂಬುದು ನಿಜ, ಆದರೆ ಬ್ರೇಕ್ ಇಲ್ಲವೇ ಇಲ್ಲ ಎಂಬುದು ನಿಜವಲ್ಲ. ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಆಟವಾಡಿದ ಹದಿಹರೆಯದವರು, ಒಬ್ಬರೇ ಆಡಿದಾಗಿನದಕ್ಕಿಂತ ಜೊತೆಗಾರರು ಪಕ್ಕದಲ್ಲಿದ್ದಾಗ ಹೆಚ್ಚು ಅಪಾಯವನ್ನು ಮೈಮೇಲೆ ಎಳೆದುಕೊಂಡರು; ವಯಸ್ಕರಲ್ಲಿ ಆ ಪ್ರಭಾವ ಅಷ್ಟಾಗಿ ಕಾಣಲಿಲ್ಲ. ಅಂದರೆ ಬ್ರೇಕ್ ಇದೆ, ಅದು ಯಾರ ಎದುರು ಹಿಡಿಯುತ್ತದೆ, ಯಾರ ಎದುರು ಜಾರುತ್ತದೆ ಎಂಬುದು ಪ್ರಶ್ನೆ. ಪಾಠದಲ್ಲಿ ಇದು ಬರಬೇಕಿತ್ತು. ಅದರ ಬದಲು, ಮಕ್ಕಳ ಪ್ರತಿಯೊಂದು ಸಿಟ್ಟಿಗೂ ಅಳುವಿಗೂ ಹಾರ್ಮೋನನ್ನೇ ಹೊಣೆಯಾಗಿಸಿದ್ದಾರೆ. ನಿದ್ದೆಗೆಟ್ಟವರಿಗೆ, ಗೆಳೆಯರ ಗುಂಪಿನಿಂದ ಹೊರಗುಳಿದವರಿಗೆ ಸಿಟ್ಟು ಬರಲು ಹಾರ್ಮೋನಿನ ಸಹಾಯ ಬೇಕಿಲ್ಲ.

ಆದರೂ ಈ ಭಾಗದ ಒಂದು ಅಭ್ಯಾಸ ಬಹಳ ಜಾಣತನದ್ದು. ನಮ್ಮ ಭಾಷೆಯಲ್ಲಿ "ಬೇಜಾರು" ಎಂಬುದು ಎಲ್ಲಕ್ಕೂ ಒದಗುವ ಪದ: ಹೊತ್ತು ಹೋಗದಿದ್ದರೂ ಬೇಜಾರು, ಮನಸ್ಸು ಮುರಿದರೂ ಬೇಜಾರು. ಆ ಪದವನ್ನು ಬಳಸದೆ ಒಂದು ದಿನವನ್ನು ವಿವರಿಸಬೇಕು ಎಂಬುದು ಅಭ್ಯಾಸ. ಅವಮಾನ, ಒಂಟಿತನ, ಹೊಟ್ಟೆಕಿಚ್ಚು, ದಣಿವು, ಅಳುಕು ಮುಂತಾದ ಪದಗಳ ಪಟ್ಟಿ ಪಕ್ಕದಲ್ಲಿರುತ್ತದೆ. ಮಗಳು "ಬೇಜಾರು" ಎಂದು ಬರೆದು, ಹೊಡೆದುಹಾಕಿ, "ನಾನು ಬಂದ ಕೂಡಲೇ ಅವರಿಬ್ಬರೂ ಮಾತು ನಿಲ್ಲಿಸಿದರು" ಎಂದು ಬರೆದಿದ್ದಳು. ತನ್ನನ್ನೇ ಎಲ್ಲರೂ ನೋಡುತ್ತಿದ್ದಾರೆ ಎಂಬ ಈ ವಯಸ್ಸಿನ ಭಾವನೆಯನ್ನು ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲಿ "ಕಾಲ್ಪನಿಕ ಪ್ರೇಕ್ಷಕರು" ಎಂದು ಕರೆದದ್ದನ್ನೂ ಇದೇ ವಾರ ಹೇಳಿಕೊಡುತ್ತಾರೆ. ಆದರೆ ಮಗಳ ವಾಕ್ಯ ಓದಿದರೆ, ಪ್ರೇಕ್ಷಕರು ಕೆಲವೊಮ್ಮೆ ಕಾಲ್ಪನಿಕರಲ್ಲ ಎಂದೂ ಅನ್ನಿಸುತ್ತದೆ.

ಅದೇ ವಾಕ್ಯದಿಂದ ನನ್ನ ದೊಡ್ಡ ದೂರು ಹುಟ್ಟಿದ್ದು. ಆ್ಯಪಿನಲ್ಲಿ ಮಕ್ಕಳು ದಿನದ ಮನಸ್ಥಿತಿಯನ್ನು ಬರೆದಿಡುವ ಒಂದು ಡೈರಿ ಇದೆ. ಅದರಲ್ಲಿ ಬರೆದದ್ದು ಪ್ರತಿ ಭಾನುವಾರ ವರದಿಯ ರೂಪದಲ್ಲಿ ಪೋಷಕರ ಫೋನಿಗೆ ಬರುತ್ತದೆ, ಮತ್ತು ಇದನ್ನು ಮಕ್ಕಳಿಗೆ ಎಲ್ಲಿಯೂ ಸ್ಪಷ್ಟವಾಗಿ ಹೇಳಿಲ್ಲ. ಒಂದು ಭಾನುವಾರ ನನ್ನ ಫೋನಿನ ಪರದೆಯ ಮೇಲೆ ತನ್ನ ವಾಕ್ಯವನ್ನೇ ಕಂಡ ಮಗಳು, "ನಾನು ಬರೆಯೋದೆಲ್ಲ ನಿಂಗೆ ಬರುತ್ತಾ?" ಎಂದು ಕೇಳಿದಳು. ಆಮೇಲೆ ಅವಳ ಡೈರಿಯಲ್ಲಿ ದಿನವೂ ಒಂದೇ ನಗುಮುಖ. ತನ್ನದೆಂಬ ಒಂದು ಮೂಲೆ ಬೇಕೆನ್ನುವುದೇ ಈ ವಯಸ್ಸಿನ ಬೆಳವಣಿಗೆ ಎಂದು ಒಂಬತ್ತನೆಯ ವಾರದಲ್ಲಿ ಪಾಠ ಹೇಳುವವರೇ, ಮೊದಲ ವಾರದಿಂದ ಆ ಮೂಲೆಗೆ ಕಿಟಕಿ ಕೊರೆದಿಟ್ಟಿದ್ದರು. ಸಹಾಯವಾಣಿಗೆ ಬರೆದೆ, ಒಂಬತ್ತು ದಿನಗಳ ಮೇಲೆ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಉತ್ತರ ಬಂತು. ವರದಿಯನ್ನು ನಿಲ್ಲಿಸುವ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಪದರ ಒಳಗಿದೆ, ನಾನೇ ಹುಡುಕಿಕೊಂಡೆ.

ಇನ್ನೂ ಗಂಭೀರವಾದ ಕೊರತೆಯೊಂದಿದೆ. 10ರಿಂದ 19ರ ವಯಸ್ಸಿನವರಲ್ಲಿ ಏಳು ಜನಕ್ಕೆ ಒಬ್ಬರು ಯಾವುದಾದರೊಂದು ಮಾನಸಿಕ ಅನಾರೋಗ್ಯದಿಂದ ಬಳಲುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವಾರ ದಾಟಿದರೂ ಬಿಡದ ಕುಗ್ಗಿದ ಮನಸ್ಸು, ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಇವು ಹದಿಹರೆಯದ ಸಾಮಾನ್ಯ ಏರಿಳಿತಗಳಲ್ಲ, ತಡಮಾಡದೆ ವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಪಡೆಯಬೇಕಾದ ಲಕ್ಷಣಗಳು. ಈ ವಿಷಯಕ್ಕೆ ಕೊಟ್ಟಿರುವುದು ಹನ್ನೆರಡನೆಯ ವಾರದ ಒಂದು ಸ್ಲೈಡ್. ಅಷ್ಟರಲ್ಲಿ ಎಷ್ಟೋ ಮಕ್ಕಳು ಕೋರ್ಸ್ ಬಿಟ್ಟಿರುತ್ತಾರೆ.

ಗುರುತಿನ ಭಾಗ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಅವರಿಂದ ಆರಂಭವಾಗುತ್ತದೆ. ಮನುಷ್ಯನ ಬಾಳನ್ನು ಎಂಟು ಹಂತಗಳಾಗಿ ಕಂಡ ಅವರು ಐದನೆಯದನ್ನು ಹದಿಹರೆಯಕ್ಕೆ ಮೀಸಲಿಟ್ಟು, ನಾನು ಯಾರು ಎಂಬ ಪ್ರಶ್ನೆಯನ್ನೇ ಅದರ ಮುಖ್ಯ ಕೆಲಸವೆಂದರು; ಬೇರೆಬೇರೆ ಪಾತ್ರಗಳನ್ನು ತೊಟ್ಟುನೋಡಲು ಸಮಾಜ ಕೊಡಬೇಕಾದ ಬಿಡುವಿನ ಬಗ್ಗೆಯೂ ಬರೆದರು. ಇದನ್ನೆಲ್ಲ ಹೇಳಿದ ಪಾಠ, ಹೆತ್ತ ತಂದೆ ಯಾರೆಂದು ತಿಳಿಯದೆ ಮಲತಂದೆಯ ಹೆಸರಿನಲ್ಲಿ ಬೆಳೆದ ಆ ಮನುಷ್ಯ ಎರಿಕ್ಸನ್ ಎಂಬ ಉಪನಾಮವನ್ನು ದೊಡ್ಡವನಾದ ಮೇಲೆ ತಾನೇ ಇಟ್ಟುಕೊಂಡದ್ದು ಎಂಬ ಸಂಗತಿಯನ್ನು ಮಾತ್ರ ಬಿಟ್ಟಿದೆ. ಮಕ್ಕಳಿಗೆ ಇಡೀ ಸಿದ್ಧಾಂತಕ್ಕಿಂತ ಆ ಒಂದು ಕಥೆ ಹೆಚ್ಚು ಹಿಡಿಸುತ್ತಿತ್ತು.

ಕೆಟ್ಟದ್ದು ಅದರ ನಂತರದ ಕ್ವಿಜ್. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ, ಹುಡುಕಾಟ ನಡೆದಿದೆಯೇ, ನಿರ್ಧಾರ ಆಗಿದೆಯೇ ಎಂಬ ಎರಡು ಪ್ರಶ್ನೆಗಳ ಆಧಾರದ ಮೇಲೆ ಸ್ವಂತ ಗುರುತಿನ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಅವರು ಅದನ್ನು ಮಾಡಿದ್ದು ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಸಂದರ್ಶಿಸಿ. ಕೋರ್ಸಿನವರು ಅದನ್ನು ಇಪ್ಪತ್ತು ಪ್ರಶ್ನೆಗಳ ಆಟವಾಗಿಸಿ ಕೊನೆಗೆ ಬಣ್ಣದ ಬ್ಯಾಡ್ಜ್ ಕೊಡುತ್ತಾರೆ. ಅಪ್ಪನ ವೃತ್ತಿಯೇ ಇಷ್ಟ ಎಂದು ಉತ್ತರಿಸಿದ ಮಗನಿಗೆ "ಹುಡುಕದೆ ಒಪ್ಪಿಕೊಂಡವನು" ಎಂಬ ಬ್ಯಾಡ್ಜ್ ಬಂತು. ಹದಿನಾಲ್ಕಕ್ಕೆ ಇದು ತೀರ್ಪಾಗಬಾರದು. ಉದ್ಯೋಗದ ವಿಷಯದಲ್ಲಿ ಒಂದು ಸ್ಥಿತಿಯಲ್ಲಿರುವವರು ನಂಬಿಕೆಗಳ ವಿಷಯದಲ್ಲಿ ಇನ್ನೊಂದರಲ್ಲಿ ಇರಬಹುದು, ವರ್ಷ ಕಳೆದರೆ ಎರಡೂ ಬದಲಾಗಬಹುದು ಎಂಬುದನ್ನು ಬ್ಯಾಡ್ಜಿನ ಹಿಂಭಾಗದಲ್ಲಾದರೂ ಬರೆಯಬಹುದಿತ್ತು. ಆಕರ್ಷಣೆ ಮತ್ತು ಲಿಂಗದ ಗುರುತಿನ ಬಗ್ಗೆ ಅವಹೇಳನವಿಲ್ಲದೆ ಮಾತನಾಡಿದ್ದಾರೆ, ಆದರೆ ಒಂದೇ ನಿಮಿಷ. ಬೇಗ ಬೆಳೆದ ಹುಡುಗಿಯನ್ನು ಸುತ್ತಲಿನವರು ದೊಡ್ಡವಳೆಂದೇ ನಡೆಸಿಕೊಳ್ಳುವುದು, ತಡವಾಗಿ ಬೆಳೆಯುವ ಹುಡುಗನನ್ನು ಆಟದ ತಂಡದಲ್ಲಿ ಕೊನೆಗೆ ಆರಿಸುವುದು, ಹೀಗೆ ದೇಹದ ಲೆಕ್ಕವೇ ಗುರುತಿನ ಲೆಕ್ಕವಾಗುವ ಜಾಗಗಳಲ್ಲಿ ಮೂರು ಭಾಗಗಳೂ ಕೂಡಿಕೊಳ್ಳಬೇಕಿತ್ತು. ಕೂಡಿಕೊಂಡಿಲ್ಲ.

ಸೇರಬೇಕೆ ಎಂದು ಕೇಳಿದವರಿಗೆ, ಮೊದಲ ಐದು ವಾರಗಳಿಗಾಗಿ ಸೇರಿ ಎನ್ನುತ್ತಿದ್ದೇನೆ. ಪ್ರಶ್ನೋತ್ತರದಲ್ಲಿ ಹೆಸರಿಲ್ಲದೆ ಪ್ರಶ್ನೆ ಕಳಿಸುವ ಅವಕಾಶವಿದೆ, ಅದನ್ನು ಮಕ್ಕಳಿಗೆ ತಿಳಿಸಿ. ಕ್ವಿಜ್ ಬಿಟ್ಟುಬಿಡಿ. ಆ್ಯಪ್ ಹಾಕಿಕೊಂಡ ದಿನವೇ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಭಾನುವಾರದ ವರದಿಯನ್ನು ನಿಲ್ಲಿಸಿ. ನಾನು ನಿಲ್ಲಿಸಿ ಈಗ ಆರು ವಾರವಾಯಿತು. ಮಗಳು ಡೈರಿಯನ್ನು ಆ್ಯಪಿನಿಂದ ಕಾರ್ಯಪುಸ್ತಕದ ಹಿಂದಿನ ಖಾಲಿ ಹಾಳೆಗಳಿಗೆ ವರ್ಗಾಯಿಸಿದ್ದಾಳೆ, ಪುಸ್ತಕ ಅವಳ ದಿಂಬಿನ ಕೆಳಗಿರುತ್ತದೆ, ಹಾಸಿಗೆ ಸರಿಪಡಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಾಳೆ.