ಹಕ್ಕಿ ಹೊರಟ ದಿನವನ್ನು ಬರೆದಿಡುವುದು: ಅಘನಾಶಿನಿ ಅಳಿವೆಯಲ್ಲಿ ಮೂರು ವಸಂತಗಳ ಇ-ಬರ್ಡ್ ಬಳಕೆ

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿ ಮಾರ್ಚ್ ಮೊದಲ ವಾರದಿಂದ ಮಳೆ ಹಿಡಿಯುವ ತನಕ ವಾರಕ್ಕೊಮ್ಮೆಯಾದರೂ ಹಕ್ಕಿಗಳನ್ನು ಎಣಿಸುವುದು ನನ್ನ ರೂಢಿ. ಆ ಎಣಿಕೆಯನ್ನು ದಾಖಲಿಸಲು ಕಳೆದ ಮೂರು ವಸಂತಗಳಿಂದ ಇ-ಬರ್ಡ್ ಆ್ಯಪ್ ಬಳಸುತ್ತಿದ್ದೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಪಕ್ಷಿ ಸಂರಕ್ಷಣೆಯ ಸಂಸ್ಥೆಯಾದ ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಆರಂಭಿಸಿದ ಈ ಸೇವೆ ಈಗ ಜಗತ್ತಿನ ಎಲ್ಲ ದೇಶಗಳಿಗೂ ತೆರೆದಿದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಸಿಗುತ್ತದೆ. ಕಾಡಿನಲ್ಲಿ, ಕೆರೆಯ ಏರಿಯ ಮೇಲೆ ಇದನ್ನು ಬಳಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಭರತ–ಇಳಿತದ ಲೆಕ್ಕದಲ್ಲಿ ಬದುಕುವ ಕೆಸರು ಬಯಲಿನಲ್ಲಿ, ಅದರಲ್ಲೂ ಹಕ್ಕಿಗಳು ಬರುವ ಕಾಲದಲ್ಲಲ್ಲದೆ ಮರಳಿ ಹೋಗುವ ಕಾಲದಲ್ಲಿ, ಇದು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಜಾಗದ ಪರಿಚಯ. ಸಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿಯ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿಸಲಾಯಿತು. ವಿಸ್ತೀರ್ಣ 4,801 ಹೆಕ್ಟೇರ್. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನಡುಮಟ್ಟದ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಕೆಸರು ಬಯಲು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಕಾಂಡ್ಲದ (ಮ್ಯಾಂಗ್ರೋವ್) ಸಾಲು, ಸಾಣಿಕಟ್ಟೆಯ ಉಪ್ಪಿನ ಆಗರ, ಇವಿಷ್ಟೂ ಕೆಲವೇ ಕಿಲೋಮೀಟರ್‌ಗಳ ಒಳಗಿವೆ. ಇಳಿತದಲ್ಲಿ ಬಯಲಿನ ತುಂಬ ಚದುರಿ ಮೇಯುವ ಹಕ್ಕಿಗಳು ಭರತ ಏರಿದಂತೆ ಒತ್ತೊತ್ತಾಗಿ ಆಗರದ ಬದುಗಳ ಮೇಲೆ ಬಂದು ಕೂರುತ್ತವೆ. ಎಣಿಸುವವನಿಗೆ ಸಿಗುವುದು ಆ ಒಂದೂವರೆ ಎರಡು ಗಂಟೆ ಮಾತ್ರ.

ಚಳಿಗಾಲದಲ್ಲಿ ಇಲ್ಲಿನ ಉದ್ದಕಾಲಿನ ಹಕ್ಕಿಗಳೆಲ್ಲ ಬೂದು ಮಣ್ಣಿನ ಬಣ್ಣದವು. ಹೋಳಿ ಕಳೆದು ಯುಗಾದಿ ಹತ್ತಿರವಾಗುವಾಗ ಅವುಗಳ ಮೈ ತಿರುಗತೊಡಗುತ್ತದೆ. ಸ್ಯಾಂಡ್ ಪ್ಲವರ್‌ಗಳ ಎದೆಗೆ ಇಟ್ಟಿಗೆ ಬಣ್ಣದ ಪಟ್ಟಿ ಬರುತ್ತದೆ, ಕರ್ಲೂ ಸ್ಯಾಂಡ್‌ಪೈಪರ್ ತುಕ್ಕುಗೆಂಪಾಗುತ್ತದೆ, ಗ್ರೇ ಪ್ಲವರ್‌ನ ಹೊಟ್ಟೆಯ ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಹರಡುತ್ತದೆ, ತದಡಿ ಬಂದರಿನ ಮೇಲೆ ಸುಳಿಯುವ ಕಡಲಕಾಗೆಗಳ ತಲೆಗೆ ಕಂದು ಟೊಪ್ಪಿಗೆ ಏರುತ್ತದೆ. ಆಮೇಲೆ ಒಂದು ದಿನ ಬದು ಖಾಲಿ. ಕರ್ಲೂ ಸ್ಯಾಂಡ್‌ಪೈಪರ್ ಸೈಬೀರಿಯದ ಉತ್ತರ ತುದಿಗೆ ಹೋಗಿ ಮರಿ ಮಾಡುವ ಹಕ್ಕಿ. ಅದನ್ನೂ ಗ್ರೇ ಪ್ಲವರನ್ನೂ 2024ರಲ್ಲಿ ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಹುದಾದ ವರ್ಗಕ್ಕೆ ಸೇರಿಸಲಾಯಿತು. ಇಂಥ ಹಕ್ಕಿ ನಮ್ಮ ದಂಡೆಯಲ್ಲಿ ಎಷ್ಟು ದಿನ ಉಳಿಯಿತು, ಎಷ್ಟು ಸಂಖ್ಯೆಯಲ್ಲಿ ಉಳಿಯಿತು ಎಂಬುದಕ್ಕೆ ಬೆಲೆಯಿದೆ ಎಂದು ನಾನು ನಂಬಿದ್ದೇನೆ.

ಆದರೆ ಹಕ್ಕಿ ಬಂದ ದಿನವನ್ನು ಗುರುತಿಸುವುದು ಸುಲಭ, ಹೋದ ದಿನವನ್ನು ಗುರುತಿಸುವುದು ಕಷ್ಟ. ಬಂದ ಹಕ್ಕಿ ಕಣ್ಣಿಗೆ ಬೀಳುತ್ತದೆ. ಹೋದದ್ದು ತಿಳಿಯಬೇಕಾದರೆ ಮುಂದಿನ ವಾರವೂ ಅದೇ ಜಾಗಕ್ಕೆ ಹೋಗಿ, ಅಷ್ಟೇ ಹೊತ್ತು ನೋಡಿ, ಇಲ್ಲ ಎಂದು ಬರೆಯಬೇಕು. ನನ್ನ ಹಳೆಯ ನೋಟುಪುಸ್ತಕಗಳಲ್ಲಿ ಕಂಡದ್ದೆಲ್ಲ ಇದೆ, ಕಾಣದ್ದು ಒಂದೂ ಇಲ್ಲ. ಒಂದು ವರ್ಷದ ಏಪ್ರಿಲ್ ಪುಟದಲ್ಲಿ ಕರ್ಲೂ ಸ್ಯಾಂಡ್‌ಪೈಪರ್ ಹೆಸರಿಲ್ಲದಿದ್ದರೆ ಅಂದು ಹಕ್ಕಿ ಇರಲಿಲ್ಲವೇ, ನಾನು ಬರೆಯಲಿಲ್ಲವೇ, ಅಥವಾ ಆ ಕಡೆ ನೋಡಲೇ ಇಲ್ಲವೇ ಎಂದು ಈಗ ಹೇಳಲಾರೆ. ಇ-ಬರ್ಡ್ ನನಗೆ ಮುಖ್ಯವಾದದ್ದು ಈ ಒಂದು ಕಾರಣಕ್ಕೆ.

ಪಟ್ಟಿ ಮುಗಿಸುವಾಗ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಲು ಸಾಧ್ಯವಾದ ಹಕ್ಕಿಗಳನ್ನೆಲ್ಲ ಇದರಲ್ಲಿ ಬರೆದಿದ್ದೀರಾ? ಹೌದು ಎಂದರೆ ಅದು ಪೂರ್ಣ ಪಟ್ಟಿಯಾಗುತ್ತದೆ. ಆಗ ಪಟ್ಟಿಯಲ್ಲಿ ಇಲ್ಲದ ಪ್ರತಿಯೊಂದು ಹೆಸರೂ ಅಂದು ಅಲ್ಲಿ ಕಾಣಲಿಲ್ಲ ಎಂಬ ದಾಖಲೆಯಾಗಿ ನಿಲ್ಲುತ್ತದೆ. ಜೊತೆಗೆ ಎಷ್ಟು ಹೊತ್ತಿಗೆ ಶುರು ಮಾಡಿದೆ, ಎಷ್ಟು ನಿಮಿಷ ನೋಡಿದೆ, ನಿಂತಲ್ಲೇ ನಿಂತಿದ್ದೆನೋ ಎಷ್ಟು ದೂರ ನಡೆದೆನೋ ಎಂಬುದನ್ನು ಫೋನೇ ಬರೆದುಕೊಳ್ಳುತ್ತದೆ. ಸೊನ್ನೆಗೂ ಒಂದು ಜಾಗ ಕೊಟ್ಟಿರುವ ಈ ಏರ್ಪಾಡು ಚಳಿಗಾಲದ ಪ್ರವಾಸಿಗಿಂತ ವಸಂತದಲ್ಲಿ ಊರಲ್ಲೇ ಉಳಿಯುವವನಿಗೆ ಹೆಚ್ಚು ಉಪಯುಕ್ತ. ಆದುದರಿಂದ ಅಪರೂಪದ ಹಕ್ಕಿಯೊಂದನ್ನೇ ಬರೆದು ಮುಗಿಸುವವರಿಗೆ ನನ್ನ ಕೋರಿಕೆಯಿಷ್ಟೆ: ಕಾಗೆ, ಗರುಡ, ಬೆಳ್ಳಕ್ಕಿಗಳನ್ನೂ ಎಣಿಸಿ, ಹದಿನೈದು ನಿಮಿಷವಾದರೂ ನಿಂತು, ಪೂರ್ಣ ಪಟ್ಟಿಯನ್ನೇ ಕೊಡಿ.

ಇದರ ಫಲ ಕಾಣುವುದು ಒಂದು ತಾಣದ ಪಟ್ಟಿಗಳೆಲ್ಲ ಸೇರಿ ಮೂಡುವ ವಾರವಾರದ ಪಟ್ಟೆಚಿತ್ರದಲ್ಲಿ. ಪ್ರತಿ ತಿಂಗಳನ್ನೂ ನಾಲ್ಕು ಭಾಗ ಮಾಡಿ, ಆಯಾ ವಾರದ ಪೂರ್ಣ ಪಟ್ಟಿಗಳಲ್ಲಿ ಎಷ್ಟು ಪಾಲಿನಲ್ಲಿ ಆ ಹಕ್ಕಿ ಕಂಡಿದೆ ಎಂಬುದನ್ನು ದಪ್ಪ, ತೆಳು ಪಟ್ಟೆಗಳಾಗಿ ತೋರಿಸುತ್ತದೆ. ಫೆಬ್ರುವರಿಯಲ್ಲಿ ದಪ್ಪಗಿದ್ದ ಪಟ್ಟೆ ಏಪ್ರಿಲ್‌ನಲ್ಲಿ ಸವೆದು ಮೇ ತಿಂಗಳಲ್ಲಿ ಎಳೆಯಾಗುವುದನ್ನು ನೋಡಿದಾಗ, ದಂಡೆಯಲ್ಲಿ ನಿಂತು ಕಂಡದ್ದೇ ಕಣ್ಣ ಮುಂದೆ ಗೆರೆಯಾಗಿ ಬಂದಂತಾಗುತ್ತದೆ. ಆದರೆ ಪಟ್ಟಿಗಳೇ ಇಲ್ಲದ ವಾರದಲ್ಲಿ ಈ ಚಿತ್ರ ಏನನ್ನೂ ಹೇಳಲಾರದು. ಹಕ್ಕಿ ನೋಡಲೆಂದು ನಮ್ಮ ಕಡೆ ಬರುವವರು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ದೇಶದಾದ್ಯಂತ ನಡೆಯುವ ನಾಲ್ಕು ದಿನಗಳ ಹಿತ್ತಿಲ ಹಕ್ಕಿ ಎಣಿಕೆಯೂ ಫೆಬ್ರುವರಿಯಲ್ಲೇ ಮುಗಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಉಪ್ಪಿನ ಆಗರದ ಬದುವಿನ ಮೇಲೆ ನಿಲ್ಲಲು ಸ್ಥಳೀಯರೇ ಬೇಕು.

ಈ ದಾಖಲೆಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯನ್ನು ಬಳಚು ಹೆಕ್ಕುವ ಅಕ್ಕಂದಿರೂ ನನ್ನನ್ನು ಕೇಳಿದ್ದಾರೆ. ಭಾರತದ ಹಕ್ಕಿಗಳ ಸ್ಥಿತಿಗತಿಯ ಕುರಿತು 2023ರಲ್ಲಿ ಹೊರಬಂದ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿದ್ದು ಇದೇ ಇ-ಬರ್ಡ್‌ಗೆ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕೊಟ್ಟ 3 ಕೋಟಿಗೂ ಮೀರಿದ ದಾಖಲೆಗಳ ಆಧಾರದಲ್ಲಿ. ದೂರದಿಂದ ವಲಸೆ ಬರುವ ಹಕ್ಕಿಗಳು ಇಳಿಮುಖವಾಗಿವೆ ಎಂದು ಅದು ಹೇಳಿತು. ನಮ್ಮ ಅಳಿವೆಯ ಒಂದು ಮಧ್ಯಾಹ್ನದ ಎಣಿಕೆ ಅಂಥ ಲೆಕ್ಕದೊಳಗೆ ಸೇರುತ್ತದೆ ಎಂದು ಅವರಿಗೆ ಉತ್ತರ ಹೇಳಿದಾಗ ನನಗೆ ನಿಜವಾಗಿ ಸಂತೋಷವಾಯಿತು.

ಹೆಸರುಗಳ ವಿಷಯದಲ್ಲಿ ಈ ಸೇವೆಯ ಎಚ್ಚರ ಮೆಚ್ಚುವಂಥದ್ದು. ಲೆಸ್ಸರ್ ಸ್ಯಾಂಡ್ ಪ್ಲವರ್ ಎಂದು ನಾವು ಕರೆಯುತ್ತಿದ್ದ ಹಕ್ಕಿಯನ್ನು 2023ರ ಪರಿಷ್ಕರಣೆಯಲ್ಲಿ ಸೈಬೀರಿಯನ್ ಮತ್ತು ಟಿಬೆಟನ್ ಎಂದು ಎರಡು ಪ್ರಭೇದಗಳಾಗಿ ಬೇರ್ಪಡಿಸಲಾಯಿತು. ನಮ್ಮ ಪಶ್ಚಿಮ ಕರಾವಳಿಗೆ ಬರುವುದು ಮುಖ್ಯವಾಗಿ ಟಿಬೆಟನ್, ಅಂದರೆ ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡುವ ಹಕ್ಕಿ. ಅದರ ಜೊತೆಯಲ್ಲೇ ಗ್ರೇಟರ್ ಸ್ಯಾಂಡ್ ಪ್ಲವರ್ ಕೂಡ ಕೂರುತ್ತದೆ. ಕೊಕ್ಕು ತುಸು ಉದ್ದ, ಕಾಲು ತುಸು ಉದ್ದ ಎಂಬ ವ್ಯತ್ಯಾಸ ಪುಸ್ತಕದಲ್ಲಿ ಸ್ಪಷ್ಟವಾಗಿದ್ದರೂ, ಬಿಸಿಲ ಝಳಕ್ಕೆ ಗಾಳಿಯೇ ಅಲುಗುತ್ತಿರುವಾಗ ಇನ್ನೂರು ಮೀಟರ್ ದೂರದ ಬದುವಿನ ಮೇಲೆ ಒಂದೇ ಕಾಲಿನಲ್ಲಿ ನಿಂತು ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿಕೊಂಡ ಹಕ್ಕಿಯಲ್ಲಿ ಅದನ್ನು ಕಾಣುವುದು ಆಗದ ಮಾತು. ಅಂಥಲ್ಲಿ ಸ್ಯಾಂಡ್ ಪ್ಲವರ್‌ಗಳಲ್ಲಿ ಯಾವುದೋ ಒಂದು ಎಂದಷ್ಟೇ ಬರೆಯಲು ಆ್ಯಪ್‌ನಲ್ಲಿ ಅವಕಾಶವಿದೆ. ರೀವಗಳಿಗೂ (ಟರ್ನ್) ಕಡಲಕಾಗೆಗಳಿಗೂ ಹೀಗೆಯೇ ಇದೆ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದಕ್ಕಿಂತ ಗೊತ್ತಿರುವಷ್ಟನ್ನು ಬರೆಯುವುದು ಉತ್ತಮವೆಂದು ಒಪ್ಪುವ ಸಾಧನ ಇದು. ಎಣಿಸಲಾಗದಿದ್ದರೆ ಸಂಖ್ಯೆಯ ಬದಲು ಇದೆ ಎಂದು ಗುರುತು ಹಾಕಲೂ ಬರುತ್ತದೆ, ಆದರೆ ಆ ಗುರುತನ್ನು ನಾನು ಅನಿವಾರ್ಯವಾದಾಗ ಮಾತ್ರ ಬಳಸುತ್ತೇನೆ. ಇನ್ನೂರೈವತ್ತು ಎಂದು ಅಂದಾಜಿಸಿ ಬರೆದ ಸಂಖ್ಯೆ ಕೂಡ ವಸಂತದ ಇಳಿಕೆಯನ್ನು ತೋರಿಸುತ್ತದೆ. ಬರೀ ಗುರುತು ತೋರಿಸುವುದಿಲ್ಲ.

ಆ ಪ್ರದೇಶಕ್ಕೆ, ಆ ತಿಂಗಳಿಗೆ ಅಸಹಜವೆನಿಸುವ ಹೆಸರನ್ನೋ ಸಂಖ್ಯೆಯನ್ನೋ ಬರೆದರೆ ಆ್ಯಪ್ ಖಚಿತಪಡಿಸಿಕೊಳ್ಳುತ್ತದೆ. ಬಳಿಕ ಸ್ವಯಂಸೇವಕರಾದ ಪರಿಶೀಲಕರು ವಿವರ ಕೇಳಿ ಪತ್ರ ಬರೆಯುವುದೂ ಉಂಟು. ಮೊದಲ ಬಾರಿ ಅಂಥ ಪತ್ರ ಬಂದಾಗ ನನ್ನ ಮಾತನ್ನು ನಂಬಲಿಲ್ಲವಲ್ಲ ಎಂದು ಬೇಸರವಾಗಿತ್ತು. ಟಿಪ್ಪಣಿಗಳನ್ನು ಮತ್ತೆ ಓದಿದಾಗ, ಕಡಲಕಾಗೆಯೊಂದರ ವಿಷಯದಲ್ಲಿ ನಾನು ನೋಡಿದ್ದು ಬೆನ್ನಿನ ಬಣ್ಣವನ್ನು ಮಾತ್ರ, ಕಾಲಿನ ಬಣ್ಣವನ್ನಲ್ಲ ಎಂದು ಅರಿವಾಯಿತು. ದಾಖಲೆಯನ್ನು ತಿದ್ದಿದೆ. ಆಮೇಲಿನಿಂದ ಕಾಲು, ಕೊಕ್ಕು, ರೆಕ್ಕೆಯ ತುದಿ ಮೂರನ್ನೂ ಸ್ಥಳದಲ್ಲೇ ಬರೆಯುವ ಅಭ್ಯಾಸವಾಯಿತು.

ಕೊರತೆಗಳೂ ಇವೆ, ಅವು ಕರಾವಳಿಯವರಿಗೆ ಹೆಚ್ಚು ತಟ್ಟುವಂಥವು. ಸಾಮಾನ್ಯ ಪಟ್ಟಿಯಲ್ಲಿ ಭರತ–ಇಳಿತವನ್ನು ನಮೂದಿಸಲು ಪ್ರತ್ಯೇಕ ಅಂಕಣವಿಲ್ಲ. ಕೆಸರು ಬಯಲಿನ ಎಣಿಕೆಗೆ ಗಡಿಯಾರಕ್ಕಿಂತ ನೀರಿನ ಮಟ್ಟವೇ ಮುಖ್ಯ: ಒಂದೇ ದಿನ ಬೆಳಿಗ್ಗೆ ಇಳಿತದಲ್ಲಿ ಮೂವತ್ತು ಹಕ್ಕಿ ಕಂಡ ಜಾಗದಲ್ಲಿ ಮಧ್ಯಾಹ್ನ ಭರತದ ಹೊತ್ತಿಗೆ ಮುನ್ನೂರು ಇರಬಹುದು. ನಾನು ಪ್ರತಿ ಪಟ್ಟಿಯ ಟಿಪ್ಪಣಿಯಲ್ಲೂ ಭರತ ತುಂಬಿದ ಸಮಯ, ತಿಥಿ, ಆಗರದಲ್ಲಿ ನೀರು ಬಿಟ್ಟಿದ್ದಾರೋ ಒಣಗಿಸಿದ್ದಾರೋ ಎಂಬುದನ್ನು ಬರೆಯುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಗಳಲ್ಲಿ ಎಣಿಕೆ ಸುಲಭವಾದ್ದರಿಂದ ಎಲ್ಲ ವಾರಗಳ ಎಣಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ. ಟಿಪ್ಪಣಿಯಲ್ಲಿ ಬರೆದದ್ದನ್ನು ಮನುಷ್ಯರು ಓದಬಲ್ಲರು, ಆದರೆ ಅದು ಅಂಕಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಈ ಒಂದು ಅಂಕಣ ಸೇರಿದರೆ ಕರಾವಳಿಯ ದಾಖಲೆಗಳ ತೂಕವೇ ಬೇರೆಯಾಗುತ್ತಿತ್ತು.

ಎರಡನೆಯದು, ಇದು ಹಕ್ಕಿಗಳಿಗೆ ಮಾತ್ರ. ದಂಡೆಯಲ್ಲಿ ನಿಂತವನಿಗೆ ಹಕ್ಕಿಯಷ್ಟೇ ಕಾಣುವುದಿಲ್ಲ. ಕಾಂಡ್ಲದ ಬುಡದಿಂದ ನೀರುನಾಯಿಗಳ ಗುಂಪು ಈಜಿ ದಾಟುತ್ತದೆ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುವಾಗ ಅಳಿವೆಯ ಬಾಯಲ್ಲಿ ಡಾಲ್ಫಿನ್‌ನ ಬೆನ್ನು ಏಳುತ್ತದೆ. ಮೊಟ್ಟೆಯಿಡಲು ಬಂದ ಕಡಲಾಮೆಯ ಹೆಜ್ಜೆಸಾಲು ಬೆಳಗಿನ ಮರಳಿನ ಮೇಲೆ ಇರುತ್ತದೆ. ಇವುಗಳನ್ನು ಇ-ಬರ್ಡ್ ಪಟ್ಟಿಯ ಟಿಪ್ಪಣಿಯಲ್ಲಿ ತುರುಕಿದರೆ ಯಾರಿಗೂ ಸಿಗದೆ ಹೋಗುತ್ತವೆ. ಅವಕ್ಕೆ ಎಲ್ಲ ಬಗೆಯ ಜೀವಿಗಳನ್ನೂ ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣ ಸರಿಯಾದ ಜಾಗ. ಅಲ್ಲಿ ಛಾಯಾಚಿತ್ರ ಹಾಕಿದರೆ ಬಲ್ಲವರು ನೋಡಿ ಗುರುತನ್ನು ದೃಢಪಡಿಸುತ್ತಾರೆ. ಏಡಿ, ಚಿಪ್ಪು, ಕಾಂಡ್ಲ ಗಿಡ ಯಾವುದಾದರೂ ಸರಿ. ಆದರೆ ಕಂಡದ್ದನ್ನು ಒಂದೊಂದಾಗಿ ಸೇರಿಸುವ ಆ ಪದ್ಧತಿಯಲ್ಲಿ ಕಾಣದ್ದಕ್ಕೆ ಸ್ಥಾನವಿಲ್ಲ. ಆದ್ದರಿಂದ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಬಳಕೆಯ ಕೆಲವು ಮಾತುಗಳು. ಮನೆಯಿಂದ ಹೊರಡುವ ಮುನ್ನ ಪ್ರದೇಶದ ಪ್ಯಾಕ್ (ಆ ಭಾಗದ ಹಕ್ಕಿಗಳ ಹೆಸರಿನ ಕಡತ) ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಪಟ್ಟಿ ಮಾಡಬಹುದು, ಮನೆಗೆ ಬಂದು ಕಳುಹಿಸಬಹುದು. ನಡೆದ ದಾರಿಯನ್ನು ದಾಖಲಿಸುವಾಗ ಫೋನಿನ ಚಾರ್ಜ್ ಬೇಗ ಕರಗುತ್ತದೆ; ಒಮ್ಮೆ ನನ್ನ ಹಳೆಯ ಫೋನು ಎಣಿಕೆಯ ನಡುವೆಯೇ ಆರಿಹೋಗಿ, ಕೈಯಲ್ಲಿದ್ದ ಪುಟ್ಟ ನೋಟುಪುಸ್ತಕವೇ ಅಂದಿನ ಲೆಕ್ಕವನ್ನು ಉಳಿಸಿತು. ಇಂದಿಗೂ ಅದು ಕಿಸೆಯಲ್ಲಿರುತ್ತದೆ. ಭರತದ ಹೊತ್ತಿನಲ್ಲಿ ಇಡೀ ಗುಂಪು ಒಮ್ಮೆಲೇ ಎದ್ದಾಗ ಕಣ್ಣನ್ನು ದುರ್ಬೀನಿನಿಂದ ತೆಗೆದು ಪರದೆಯ ಮೇಲೆ ಬೆರಳಾಡಿಸುವುದಕ್ಕಿಂತ ಕಾಗದದಲ್ಲಿ ಗೀಟು ಹಾಕುವುದು ವೇಗ. ಹಳೆಯ ನೋಟುಪುಸ್ತಕದ ದಾಖಲೆಗಳನ್ನೂ ದಿನಾಂಕ ಹಾಕಿ ಸೇರಿಸಬಹುದು, ಅಪೂರ್ಣ ಪಟ್ಟಿಯೆಂದೇ ಸೇರಿಸಬೇಕು. ಬಿಳಿಹೊಟ್ಟೆಯ ಕಡಲಹದ್ದಿನಂಥ ಹಕ್ಕಿಯ ಗೂಡು ಕಂಡರೆ ಮರ ಎಲ್ಲಿದೆಯೆಂದು ಟಿಪ್ಪಣಿಯಲ್ಲಿ ಬರೆಯಬೇಡಿ. ಪಟ್ಟಿಗಳು ಎಲ್ಲರಿಗೂ ಕಾಣುತ್ತವೆ.

ವಾರಕ್ಕೊಂದು ಸಲ ಒಂದೇ ಜಾಗಕ್ಕೆ ಹೋಗುವ ತಾಳ್ಮೆಯಿರುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಸದ್ಯಕ್ಕೆ ನನಗೆ ಕಾಣದು. ರಜೆಯಲ್ಲಿ ಗೋಕರ್ಣಕ್ಕೆ ಬಂದು ಒಂದು ಸಂಜೆ ದಂಡೆಯಲ್ಲಿ ಕಳೆಯುವವರಿಗೂ ಉಪಯೋಗವಿದೆ, ಆದರೆ ಅವರಿಗೆ ಇದರ ನಿಜವಾದ ಗುಣ ತಿಳಿಯುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ನನಗೆ ಇನ್ನೊಂದು ತೊಡಕು ಎದುರಾಗುತ್ತದೆ: ಮೊದಲ ವರ್ಷದ ಕೆಲವು ಪ್ಲವರ್‌ಗಳು ಬಣ್ಣ ತಿರುಗದೆ, ಉತ್ತರಕ್ಕೂ ಹೋಗದೆ ಬೇಸಿಗೆಯನ್ನು ಇಲ್ಲಿಯೇ ಕಳೆಯುತ್ತವೆ. ಬರೀ ಹೆಸರು ಮತ್ತು ಸಂಖ್ಯೆಯನ್ನು ನೋಡುವವರಿಗೆ ಹಕ್ಕಿಗಳು ಇನ್ನೂ ಹೊರಟಿಲ್ಲ ಎನಿಸಬಹುದು. ಹಾಗಾಗಿ ಏಪ್ರಿಲ್ ಹದಿನೈದರ ನಂತರ ಪ್ರತಿ ಗುಂಪಿನಲ್ಲೂ ಎದೆಗೆಂಪು ಬಂದವು ಎಷ್ಟು, ಬೂದಾಗಿಯೇ ಉಳಿದವು ಎಷ್ಟು ಎಂದು ಬೇರೆ ಬೇರೆ ಎಣಿಸಿ ಆ ಹಕ್ಕಿಯ ಹೆಸರಿನ ಕೆಳಗಿನ ಟಿಪ್ಪಣಿಯಲ್ಲಿ ಬರೆಯುತ್ತೇನೆ. ಎದೆಗೆಂಪು ಇರುವ ಕೊನೆಯ ಹಕ್ಕಿ ಕಂಡ ದಿನವೇ ನನ್ನ ಲೆಕ್ಕದಲ್ಲಿ ಹೊರಟ ದಿನ. ಅದರ ಮುಂದಿನ ಎರಡು ವಾರ ತಪ್ಪದೆ ಹೋಗಿ ಪೂರ್ಣ ಪಟ್ಟಿ ಕೊಟ್ಟ ಮೇಲಷ್ಟೇ ಅದನ್ನು ಖಚಿತವೆಂದು ಬರೆದುಕೊಳ್ಳುತ್ತೇನೆ.