ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿ: ಸರಕು ಭರ್ಜರಿ, ಹುಡುಕುವುದೇ ತ್ರಾಸ

ಒಂದು ದೇಶದ ವಿದೇಶಾಂಗ ನೀತಿಯನ್ನು ತಿಳಿಯಲು ಟಿವಿ ಚರ್ಚೆಗಳಿಗಿಂತ ಗಟ್ಟಿಯಾದ ಸಾಕ್ಷಿ ಬೇರೆಯಿದೆ. ಆ ದೇಶ ಯಾವ ನಿರ್ಣಯಕ್ಕೆ ಕೈ ಎತ್ತಿತು, ಯಾವುದಕ್ಕೆ ಎತ್ತಲಿಲ್ಲ, ಎತ್ತದಿದ್ದಕ್ಕೆ ಏನು ಕಾರಣ ಹೇಳಿತು ಎಂಬ ದಾಖಲೆ ಅದು. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಇದು ಪುಕ್ಕಟೆಯಾಗಿ ಸಿಗುತ್ತದೆ, ಓದಲು ಖಾತೆ ತೆರೆಯಬೇಕಿಲ್ಲ. ನ್ಯೂಯಾರ್ಕಿನ ಡಾಗ್ ಹ್ಯಾಮರ್‌ಶೋಲ್ಡ್ ಗ್ರಂಥಾಲಯ ಮತ್ತು ಜಿನೀವಾ ಕಚೇರಿಯ ಗ್ರಂಥಾಲಯ ಸೇರಿ ಇದನ್ನು ನಡೆಸುತ್ತವೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಡಿಮೆಯಾದ ಒಂದು ಅಂಕ ಪೂರ್ತಿಯಾಗಿ ಅದರ ಹುಡುಕು ಪೆಟ್ಟಿಗೆಯ ಖಾತೆಗೆ.

ಆ ಪೆಟ್ಟಿಗೆಯಲ್ಲಿ ಬರೀ ‘ಯುಕ್ರೇನ್’ ಎಂದು ಹಾಕಿದರೆ ರಾಯಭಾರಿಗಳ ಪತ್ರ, ವರದಿ, ಕರಡು, ಭಾಷಣ ಎಲ್ಲವೂ ಕಲಸಿಕೊಂಡು ರಾಶಿ ಬೀಳುತ್ತವೆ. ಮುಖ್ಯವಾದದ್ದು ಮೇಲೆ ಬರುತ್ತದೆಂಬ ಖಾತರಿಯಿಲ್ಲ. ಇಲ್ಲಿ ವಿಷಯದ ಹೆಸರು ಹಿಡಿದು ಹೋಗಬಾರದು, ದಾಖಲೆಯ ಸಂಕೇತ ಹಿಡಿದು ಹೋಗಬೇಕು. ಸಂಕೇತ ಓದಲು ಹತ್ತು ನಿಮಿಷದಲ್ಲಿ ಕಲಿಯಬಹುದು. ಮೊದಲ ಅಕ್ಷರ ‘ಎ’ ಆದರೆ ಮಹಾಸಭೆ, ‘ಎಸ್’ ಆದರೆ ಭದ್ರತಾ ಮಂಡಳಿ. ನಡುವೆ ‘ಆರ್‌ಇಎಸ್’ ಇದ್ದರೆ ಅಂಗೀಕಾರವಾದ ನಿರ್ಣಯ, ‘ಎಲ್’ ಇದ್ದರೆ ಇನ್ನೂ ಕರಡು, ‘ಪಿವಿ’ ಇದ್ದರೆ ಸಭೆಯಲ್ಲಿ ಆಡಿದ ಮಾತಿನ ಅಕ್ಷರಶಃ ದಾಖಲೆ, ‘ಎಸ್‌ಆರ್’ ಇದ್ದರೆ ಸಾರಾಂಶ ಮಾತ್ರ. ಕೊನೆಯಲ್ಲಿ ‘ಆರ್‌ಇವಿ’ ಕಂಡರೆ ಹಿಂದಿನ ಪಠ್ಯವನ್ನು ಬದಲಿಸಿ ಹೊಸದಾಗಿ ಹೊರಡಿಸಿದ್ದಾರೆ ಎಂದರ್ಥ. ಆಗ ಹಳೆಯದನ್ನು ಉಲ್ಲೇಖಿಸಿ ವಾದ ಮಾಡಿದರೆ ಮುಖಭಂಗ ಗ್ಯಾರಂಟಿ.

ಒಂದು ಮತದಾನ ನೋಡಬೇಕೆಂದರೆ ‘ವೋಟಿಂಗ್ ಡೇಟಾ’ ವಿಭಾಗಕ್ಕೆ ಹೋಗಿ, ಮಹಾಸಭೆಯೋ ಭದ್ರತಾ ಮಂಡಳಿಯೋ ಆರಿಸಿ, ವರ್ಷ ಸೋಸಿ, ಸಂಕೇತವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಉದಾಹರಣೆಗೆ, ಯುಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸಿದ ಎ/ಆರ್‌ಇಎಸ್/ಇಎಸ್-11/1 (‘ಇಎಸ್’ ಅಂದರೆ ತುರ್ತು ವಿಶೇಷ ಅಧಿವೇಶನ). 2022ರ ಮಾರ್ಚ್ 2ರಂದು ಪರ 141, ವಿರೋಧ 5, ತಟಸ್ಥ 35, ಮತ ಹಾಕದವರು 12. ಕೆಳಗೆ ದೇಶಗಳ ಪಟ್ಟಿ ಇರುತ್ತದೆ. ಹೆಸರಿನ ಹಿಂದೆ ವೈ (ಪರ), ಎನ್ (ವಿರೋಧ), ಎ (ತಟಸ್ಥ) ಅಕ್ಷರಗಳು, ಮತ ಹಾಕದವರದ್ದು ಖಾಲಿ. ಅದೇ ಪುಟದಿಂದ ನಿರ್ಣಯದ ಪಠ್ಯಕ್ಕೂ ಸಭೆಯ ದಾಖಲೆಗೂ ಕೊಂಡಿಗಳಿವೆ.

ಈ ಖಾಲಿ ಜಾಗವೇ ಮೊದಲ ತೊಡಕು. ಖಾಲಿ ಇದ್ದವರನ್ನೆಲ್ಲ ತಟಸ್ಥರ ಲೆಕ್ಕಕ್ಕೆ ಸೇರಿಸುವ ವರದಿಗಳು ಸಾಕಷ್ಟು ಬರುತ್ತವೆ. ತಟಸ್ಥ ಅಂದರೆ ಹಾಜರಿದ್ದು ಹಾಗೆಂದು ಗುಂಡಿ ಒತ್ತಿದವರು. ಖಾಲಿ ಅಂದರೆ ಗೈರಾಗಿರಬಹುದು, ಬೇಕೆಂದೇ ಪಾಲ್ಗೊಳ್ಳದೆ ಇದ್ದಿರಬಹುದು, ಇಲ್ಲವೇ ಮತದ ಹಕ್ಕೇ ಇಲ್ಲದಿರಬಹುದು. ಎರಡು ಪೂರ್ಣ ವರ್ಷದ ವಂತಿಗೆಗೆ ಸಮನಾದ ಅಥವಾ ಅದಕ್ಕೂ ಹೆಚ್ಚಿನ ಬಾಕಿ ಉಳಿಸಿಕೊಂಡ ದೇಶ ವಿಶ್ವಸಂಸ್ಥೆಯ ಸನ್ನದಿನ 19ನೇ ವಿಧಿಯ ಪ್ರಕಾರ ಮಹಾಸಭೆಯಲ್ಲಿ ಮತ ಕಳೆದುಕೊಳ್ಳುತ್ತದೆ. ಮೇಲಿನ 12ರಲ್ಲಿ ವೆನೆಜುವೆಲಾದ ಕಥೆ ಅದು, ಮೊರಾಕ್ಕೊದ್ದು ಬೇಕೆಂದೇ ದೂರ ಉಳಿದ ಕಥೆ. ಪಟ್ಟಿ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಎರಡನೆಯದು ದೇಶದ ಹೆಸರು. ‘ಚೀನಾ’ ಎಂದು ಹಾಕಿ ದಶಕಗಳ ಮತಗಳನ್ನು ಸಾಲಾಗಿ ಇಳಿಸಿಕೊಳ್ಳುವವರು 1971ರ ಅಕ್ಟೋಬರ್ 25ರಲ್ಲಿ ಒಂದು ಗೆರೆ ಎಳೆಯಬೇಕು. ಅದಕ್ಕಿಂತ ಹಿಂದಿನ ಚೀನಾ ಎಂದರೆ ತೈಪೆಯ ಸರ್ಕಾರ, ಬೀಜಿಂಗ್ ಅಲ್ಲ. ಈ ಗೆರೆ ಮರೆತರೆ ಶೀತಲ ಸಮರ ಕಾಲದ ವಿಶ್ಲೇಷಣೆಯೆಲ್ಲ ತಲೆಕೆಳಗು. ಸೋವಿಯತ್ ಒಕ್ಕೂಟದ ಮತಗಳು ಆ ಹೆಸರಿನಲ್ಲೇ ಇವೆ, ಸ್ವಾಜಿಲ್ಯಾಂಡ್ 2018ರ ನಂತರ ಎಸ್ವಾಟಿನಿ ಆಗುತ್ತದೆ. ಹೆಸರು ಬದಲಾದ ಕಡೆ ಎರಡನ್ನೂ ಹುಡುಕಿ ಜೋಡಿಸಿಕೊಳ್ಳಬೇಕು.

ಅಣ್ವಸ್ತ್ರದಂಥ ವಿಷಯಗಳಲ್ಲಿ ಇನ್ನೊಂದು ತೊಡಕು. ನಿರ್ಣಯ ಮೊದಲು ಮಹಾಸಭೆಯ ಒಂದನೇ ಸಮಿತಿಯಲ್ಲಿ (ನಿಶ್ಶಸ್ತ್ರೀಕರಣ, ಭದ್ರತೆ ಇದರ ಪಾಲು) ಅಕ್ಟೋಬರ್–ನವೆಂಬರ್ ಹೊತ್ತಿಗೆ ಮತಕ್ಕೆ ಬರುತ್ತದೆ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಪೂರ್ಣ ಮಹಾಸಭೆಗೆ. ಎರಡೂ ಕಡೆಯ ಸಂಖ್ಯೆ ಒಂದೇ ಇರಬೇಕೆಂದಿಲ್ಲ. ನಡುವೆ ಒಂದೊಂದು ಪ್ಯಾರಾಕ್ಕೂ ಪ್ರತ್ಯೇಕ ಮತದಾನ ಕೇಳುತ್ತಾರೆ. ಇಡೀ ನಿರ್ಣಯಕ್ಕೆ ‘ಪರ’ ಎಂದ ದೇಶ ಅದರ ಒಂದು ಪ್ಯಾರಾಕ್ಕೆ ‘ವಿರೋಧ’ ಎಂದಿರುವುದುಂಟು, ಅದರ ನಿಜವಾದ ನೀತಿ ಅಡಗಿರುವುದೂ ಅಲ್ಲೇ. ಅದನ್ನು ನೋಡಲು ಪಿವಿ ದಾಖಲೆಯನ್ನೇ ತೆರೆಯಬೇಕು. ‘ನಾವು ಒತ್ತಬೇಕೆಂದಿದ್ದು ಬೇರೆ ಗುಂಡಿ’ ಎಂದು ಆಮೇಲೆ ತಿಳಿಸುವ ನಿಯೋಗಗಳೂ ಇವೆ. ಅದು ಸಭೆಯ ದಾಖಲೆಯಲ್ಲಿ ಟಿಪ್ಪಣಿಯಾಗಿ ಸೇರುತ್ತದೆ, ಎಣಿಕೆ ಮಾತ್ರ ಬದಲಾಗುವುದಿಲ್ಲ.

ಭದ್ರತಾ ಮಂಡಳಿಯ ವಿಭಾಗದಲ್ಲಿರುವ ದೊಡ್ಡ ಕೊರತೆ ವೀಟೊಗೆ ಸಂಬಂಧಿಸಿದ್ದು. ವೀಟೊ, ಅಂದರೆ ಐದು ಕಾಯಂ ಸದಸ್ಯರಲ್ಲೊಬ್ಬರ ತಡೆ ಮತ, ಬಿದ್ದ ಕರಡಿಗೆ ನಿರ್ಣಯದ ಸಂಖ್ಯೆ ಸಿಗುವುದೇ ಇಲ್ಲ. ಹೀಗಾಗಿ ನಿರ್ಣಯಗಳನ್ನಷ್ಟೇ ಜಾಲಾಡಿದವರಿಗೆ ಮಂಡಳಿಯ ಅತಿ ಮುಖ್ಯ ಜಗಳಗಳು ಕಣ್ಣಿಗೇ ಬೀಳುವುದಿಲ್ಲ. 2022ರ ಫೆಬ್ರವರಿ 25ರಂದು ರಷ್ಯಾ ತಡೆದ ಕರಡು ಈಗಲೂ ಎಸ್/2022/155 ಎಂಬ ಹೆಸರಿನಲ್ಲೇ ಇದೆ: ಪರ 11, ವಿರೋಧ 1, ತಟಸ್ಥ 3. ಪರಿಹಾರ ಅದೇ ಗ್ರಂಥಾಲಯದಲ್ಲಿದೆ. ಅವರು 1946ರಿಂದ ವೀಟೊಗಳ ಪಟ್ಟಿಯೊಂದನ್ನು ಬೇರೆಯಾಗಿ ಇಟ್ಟಿದ್ದಾರೆ, ಕರಡಿನ ಸಂಕೇತ ಅಲ್ಲಿಂದ ಎತ್ತಿಕೊಂಡರಾಯಿತು. ಆದರೆ ಸೋತ ಕರಡೆಲ್ಲ ಆ ಪಟ್ಟಿಯಲ್ಲಿರುವುದಿಲ್ಲ. 2014ರ ಡಿಸೆಂಬರ್ 30ರಂದು ಪ್ಯಾಲೆಸ್ತೀನ್ ಕುರಿತು ಜೋರ್ಡಾನ್ ತಂದ ಕರಡಿಗೆ 8 ಮತ ಮಾತ್ರ ಬಂದವು. ಬೇಕಾದದ್ದು 9. ಅಮೆರಿಕ ವಿರೋಧಿಸಿದರೂ ಅದು ವೀಟೊ ಎನಿಸಿಕೊಳ್ಳಲಿಲ್ಲ. ಒಂಬತ್ತನೆಯ ಮತ ಬೀಳದಂತೆ ನೋಡಿಕೊಂಡರೆ ವೀಟೊದ ಕೆಟ್ಟ ಹೆಸರು ಬರುವುದಿಲ್ಲ. ಮತದಾನಕ್ಕೆ ಮುಂಚಿನ ದಿನಗಳಲ್ಲಿ ಚುನಾಯಿತ ಸದಸ್ಯರ ಮೇಲೆ ಒತ್ತಡ ಏಕೆ ಬೀಳುತ್ತದೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಪಿವಿ ದಾಖಲೆ ಓದದೆ ಸಂಖ್ಯೆ ಮಾತ್ರ ನೋಡಿದರೆ ಅರ್ಧ ಕೆಲಸ ಅಷ್ಟೇ. ಲಿಬಿಯಾದ ಮೇಲೆ ಬಲಪ್ರಯೋಗಕ್ಕೆ ದಾರಿ ಮಾಡಿದ 2011ರ 1973ನೇ ನಿರ್ಣಯಕ್ಕೆ ಬ್ರೆಜಿಲ್, ಚೀನಾ, ಜರ್ಮನಿ, ಭಾರತ, ರಷ್ಯಾ ಐದೂ ತಟಸ್ಥ. ಪಟ್ಟಿ ನೋಡಿದವರಿಗೆ ಇದೊಂದು ಕೂಟ. ಮತದ ವಿವರಣೆ ಓದಿದರೆ ಐವರ ಆತಂಕಗಳೂ ಬೇರೆ ಬೇರೆ ತೂಕದವು ಎಂದು ಗೊತ್ತಾಗುತ್ತದೆ. ಭದ್ರತಾ ಮಂಡಳಿಯ ದಾಖಲೆ ಬೇಗ ಬರುತ್ತದೆ, ಮಹಾಸಭೆಯದ್ದು ಬಹಳ ತಡ. ಕಾಯುವಷ್ಟು ಪುರುಸೊತ್ತಿಲ್ಲದಿದ್ದರೆ ಯುಎನ್ ವೆಬ್ ಟಿವಿಯಲ್ಲಿ ಸಭೆಯ ವಿಡಿಯೊ ನೋಡಿ. ವಿಶ್ವಸಂಸ್ಥೆಯದ್ದೇ ಪತ್ರಿಕಾ ಸಾರಾಂಶ ಅದೇ ದಿನ ಸಿಗುತ್ತದೆ ನಿಜ, ಆದರೆ ಅದು ಅಧಿಕೃತ ದಾಖಲೆಯಲ್ಲ ಎಂದು ಅವರೇ ಬರೆದುಕೊಂಡಿರುತ್ತಾರೆ.

ಲೈಬ್ರರಿ ನಡೆದದ್ದನ್ನು ಹೇಳುತ್ತದೆ, ನಡೆಯಲಿರುವುದನ್ನಲ್ಲ. ಅದಕ್ಕೆ ಜೊತೆಗಿರಬೇಕಾದದ್ದು ಸೆಕ್ಯುರಿಟಿ ಕೌನ್ಸಿಲ್ ರಿಪೋರ್ಟ್ ಎಂಬ ಸ್ವತಂತ್ರ ಸಂಸ್ಥೆಯ ತಿಂಗಳ ಮುನ್ನೋಟ. ಯಾವ ಕರಡು ಯಾರ ಕೈಯಲ್ಲಿದೆ, ಎಲ್ಲಿ ಜಗ್ಗಾಟ ಎಂಬುದನ್ನು ಇಷ್ಟು ಶಾಂತವಾಗಿ ಬರೆಯುವವರು ಅಪರೂಪ. ಇಂಟರ್‌ನ್ಯಾಷನಲ್ ಕ್ರೈಸಿಸ್ ಗ್ರೂಪಿನ ಮಾಸಿಕ ಸಂಘರ್ಷ ಪಟ್ಟಿ ಕ್ರೈಸಿಸ್‌ವಾಚ್ ಕೂಡ ಒಳ್ಳೆಯದೇ. ಆದರೆ ಅಲ್ಲಿ ‘ಬದಲಾವಣೆಯಿಲ್ಲ’ ಎಂದರೆ ಹಿಂದಿನ ತಿಂಗಳಿಗೆ ಹೋಲಿಸಿ ಅಷ್ಟೇ. ಭೀಕರ ಯುದ್ಧವೂ ಬದಲಾವಣೆಯಿಲ್ಲದೆ ಮುಂದುವರಿಯಬಹುದು.

ಸ್ಟಾಕ್‌ಹೋಮಿನ ಸಿಪ್ರಿ ಎಂಬ ಶಾಂತಿ ಸಂಶೋಧನಾ ಸಂಸ್ಥೆಯ ಶಸ್ತ್ರಾಸ್ತ್ರ ವಹಿವಾಟಿನ ದತ್ತಾಂಶ 1950ರಿಂದ ಇದೆ. ಅದನ್ನು ತಪ್ಪು ಓದುವವರೇ ಹೆಚ್ಚು. ಅದರ ‘ಟಿಐವಿ’ ಅಂಕಿ ಹಣವಲ್ಲ, ಆಯುಧದ ಸಾಮರ್ಥ್ಯದ ಅಳತೆ. ಬಳಸಿದ ಆಯುಧವಾದರೆ ಹೊಸದರ 40% ಮೌಲ್ಯ ಹಾಕುತ್ತಾರೆ, ದೊಡ್ಡ ಮಟ್ಟದಲ್ಲಿ ನವೀಕರಿಸಿದ್ದಾದರೆ 66%. ಬಂದೂಕು, ಗುಂಡು ಲೆಕ್ಕಕ್ಕೇ ಇಲ್ಲ. ಆದ್ದರಿಂದ ‘ಇಷ್ಟು ಕೋಟಿ ಡಾಲರಿನ ಆಮದು’ ಎಂದು ಸಿಪ್ರಿಯ ಟಿಐವಿ ಹೆಸರಿನಲ್ಲಿ ಬರೆದದ್ದು ಕಂಡರೆ ಅಲ್ಲಿಗೇ ಓದು ನಿಲ್ಲಿಸಬಹುದು. ಒಂದು ವರ್ಷಕ್ಕೆ ಇನ್ನೊಂದನ್ನು ಹೋಲಿಸುವುದೂ ಬೇಡ. ಒಂದು ಜಲಾಂತರ್ಗಾಮಿ ಬಂದ ವರ್ಷ ಗ್ರಾಫ್ ಜಿಗಿಯುತ್ತದೆ. ಐದು ವರ್ಷಗಳ ಮೊತ್ತ ನೋಡಿ.

ಒಪ್ಪಂದಗಳಿಗೆ ವಿಶ್ವಸಂಸ್ಥೆಯದ್ದೇ ಟ್ರೀಟಿ ಕಲೆಕ್ಷನ್ ಇದೆ. ಸಹಿಗೂ ಅನುಮೋದನೆಗೂ ಬೇರೆ ಬೇರೆ ಕಾಲಂ ಇರುವುದು ಇದರ ದೊಡ್ಡ ಅನುಕೂಲ. 1996ರ ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದ ಇನ್ನೂ ಏಕೆ ಜಾರಿಯಾಗಿಲ್ಲ ಎಂಬುದು ಆ ಎರಡು ಕಾಲಂಗಳಲ್ಲೇ ತಿಳಿಯುತ್ತದೆ. ಅದಕ್ಕೆ ನಿಗದಿತ 44 ದೇಶಗಳ ಅನುಮೋದನೆ ಬೇಕು. ಅಮೆರಿಕ, ಚೀನಾ ಸಹಿ ಹಾಕಿ ಕೂತಿವೆ, ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ, ರಷ್ಯಾ 2023ರಲ್ಲಿ ಅನುಮೋದನೆ ಹಿಂತೆಗೆದುಕೊಂಡಿತು. ಆದರೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಸದಸ್ಯರ ಸ್ಥಿತಿಗತಿಯನ್ನು ಈ ಪಟ್ಟಿಯಲ್ಲಿ ಹುಡುಕಿ ಸುಸ್ತಾಗಬೇಡಿ. ಅದರ ಠೇವಣಿದಾರರು, ಅಂದರೆ ದೇಶಗಳ ಅನುಮೋದನೆ ಪತ್ರಗಳನ್ನು ಪಡೆದು ಇಟ್ಟುಕೊಳ್ಳುವವರು, ಅಮೆರಿಕ, ಬ್ರಿಟನ್, ರಷ್ಯಾ ಸರ್ಕಾರಗಳು, ಮಹಾ ಕಾರ್ಯದರ್ಶಿಯಲ್ಲ. ಅದಕ್ಕೆ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಕಚೇರಿಯ ಒಪ್ಪಂದ ಪುಟಕ್ಕೆ ಹೋಗಬೇಕು. ಜಿನೀವಾ ಒಪ್ಪಂದಗಳದ್ದೂ ಇದೇ ಕಥೆ, ಅವುಗಳ ಠೇವಣಿದಾರ ಸ್ವಿಟ್ಜರ್ಲೆಂಡ್.